ಐನೋರ ಮಿಲ್ಟ್ರಿ ಲಾರಿ

ಹೊಸ ಕಾರಿಗೆ ನಮ್ಮ ಐನೋರ ಕೈಯಲ್ಲಿ ಪೂಜೆ ಮಾಡಿಸುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕಾಗಿತ್ತು. ಮಂತ್ರಕ್ಕೆ ಕೊರತೆಯಿರಲಿಲ್ಲ, ಕಂಠವೂ ಚೆನ್ನಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿನ ಮೇಲೆ ಕುಂಕುಮದಲ್ಲಿ ಶ್ರೀಕಾರ ಬರೆದು, ಕರ್ಪೂರ ಹಚ್ಚುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಆಮೇಲೆ ಅವರು ಬೆರಳು ಮಡಿಚಿ ಬಾನೆಟ್ಟನ್ನು ಟಕ್ ಟಕ್ ಎಂದು ಬಡಿದು, "ಏನಪ್ಪಾ ಇದು, ತಗಡೋ ಹಪ್ಪಳವೋ?" ಎಂದು ಕೇಳಿಬಿಡುತ್ತಿದ್ದರು. ಮನೆಮಂದಿಯನ್ನೆಲ್ಲ ಕರೆತಂದು ಹಾರ ಹಿಡಿದು ನಿಂತವನ ಮುಖ ಇಷ್ಟಾಗುತ್ತಿತ್ತು. ಅಷ್ಟಕ್ಕೇ ಬಿಡುವವರೂ ಅಲ್ಲ. "ನಿಧಾನವಾಗಿ ಓಡಿಸು. ದೇವರು ಕಾಪಾಡ್ತಾನೆ, ಈ ತಗಡು ಕಾಪಾಡಲ್ಲ," ಎಂದು ಆಶೀರ್ವಾದ ಮಾಡಿ ಕಳಿಸುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಶುಭಸ್ವೀಕಾರದ ಊಟಕ್ಕೆ ಕೂತಾಗ ಪಂಕ್ತಿಯಲ್ಲಿ ಅವರ ವೇದಪಾಂಡಿತ್ಯದ ಮಾತನ್ನು ಒಬ್ಬರೂ ಎತ್ತಲಿಲ್ಲ. ಸಾರು ಬರುವ ಹೊತ್ತಿಗೆ ಅವರ ಲಾರಿಯ ಮಾತು ಶುರುವಾಯಿತು, ಮಜ್ಜಿಗೆಯವರೆಗೂ ಅದೇ ನಡೆಯಿತು. ಸತ್ತವರ ಮನೆಯಲ್ಲಿ ಅಷ್ಟು ನಗಬಾರದು, ನಿಜ. ಆದರೆ ಬಡಿಸುತ್ತಿದ್ದವನೇ ನಕ್ಕು ಸೌಟು ಕೈಬಿಟ್ಟ ಮೇಲೆ ಕೂತವರನ್ನು ಯಾರು ತಡೆಯುತ್ತಾರೆ?

ನಾನು ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ನೌಕರಿ ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ, ಸಂಸಾರ ಗಂಜಾಮಿನಲ್ಲಿ, ಏಕೆಂದರೆ ಹೆಂಡತಿ ಶ್ರೀರಂಗಪಟ್ಟಣದ ಶಾಲೆಯಲ್ಲಿ ಟೀಚರು. ಐನೋರ ಮನೆ ನಮ್ಮ ಪಕ್ಕದ್ದೇ. ಅವರ ಹಿತ್ತಲಿಗೂ ನಮ್ಮ ಬಚ್ಚಲುಮನೆಗೂ ನಡುವೆ ಒಂದೇ ಗೋಡೆ. ಹೊಳೆದಂಡೆಯ ಒಂದು ಸಣ್ಣ ನಾರಾಯಣನ ಗುಡಿಗೆ ಅವರು ವಂಶಪಾರಂಪರ್ಯದ ಅರ್ಚಕರು. ಬಂದವರೆಲ್ಲ ನಿಮಿಷಾಂಬನ ಗುಡಿಗೆ ಹೋಗುವವರು. ದಾರಿಯಲ್ಲಿ ಇವರ ಗುಡಿಯೂ ಒಂದಿದೆಯೆಂದು ಬಹಳ ಮಂದಿಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಹಣೆಯ ಮೇಲೆ ಅಚ್ಚು ಹೊಡೆದಂಥ ನಾಮ, ಮಡಿಪಂಚೆ, ಹತ್ತಿರ ಸುಳಿದರೆ ಬೈಗುಳ. ಊಟವಾದ ಮೇಲೆ ನಾಮ ಅದೇ, ಆದರೆ ಖಾಕಿ ಚಡ್ಡಿ, ಮೊಣಕೈವರೆಗೆ ಗ್ರೀಸು. "ನಮ್ಮನೆಯವರು ಮಧ್ಯಾಹ್ನದ ತನಕ ವೈಕುಂಠದಲ್ಲಿರ್ತಾರೆ, ಆಮೇಲೆ ಗ್ಯಾರೇಜಿಗೆ ಇಳೀತಾರೆ," ಎಂದು ಅವರ ಹೆಂಡತಿ ಹೇಳುತ್ತಿದ್ದರು. ಆಯಮ್ಮ ಮೇಲುಕೋಟೆಯ ಹೆಣ್ಣು. ಮಾತು ಮೆತ್ತಗೆ, ಏಟು ಜೋರು.

ಬ್ರಿಟಿಷರ ಕಾಲದ ಮಿಲಿಟರಿ ಲಾರಿಗಳನ್ನು ಗುರುತು ಹಿಡಿಯುವುದು ಐನೋರ ಹುಚ್ಚು. ಎಲ್ಲಿ ಕಲಿತಿರಿ ಎಂದರೆ ಒಂದೊಂದು ಸಲ ಒಂದೊಂದು ಕಥೆ ಹೇಳುವರು. ಬ್ರಿಟಿಷರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರು ಒಡೆದ ಕೋಟೆ ನೋಡಿಕೊಂಡು ಬೆಳೆದ ಶ್ರೀರಂಗಪಟ್ಟಣದವರಿಗೆ ಆಗುವುದಾದರೂ ಹೇಗೆ? ಆದರೆ ಬ್ರಿಟಿಷರ ಬೋಲ್ಟು ಎಂದರೆ ಪ್ರಾಣ. ಸೊಂಟದಲ್ಲಿ ಗುಡಿಯ ಬೀಗದ ಕೈ ಗೊಂಚಲಿನ ಜೊತೆಗೆ ಒಂದು ಹಳೆಯ ಇಂಗ್ಲಿಷ್ ಸ್ಪ್ಯಾನರು ಯಾವಾಗಲೂ ತೂಗುತ್ತಿತ್ತು. ಬಗ್ಗಿ ತೀರ್ಥ ಕೊಡುವಾಗ ಅದು ತಟ್ಟೆಗೆ ತಾಗಿ ಟಣ್ ಎನ್ನುತ್ತಿತ್ತು. ಎಲ್ಲಿ ಹಳೆಯ ಕಬ್ಬಿಣ ಕಂಡರೂ ಅದರ ನಟ್ಟಿಗೆ ಈ ಸ್ಪ್ಯಾನರು ಹಾಕಿ ನೋಡುವರು. ಕೂತರೆ ಬ್ರಿಟಿಷ್. ಕೂರದಿದ್ದರೆ "ಬೇರೆ ಗೋತ್ರ" ಎಂದು ಕೈ ಒರೆಸಿಕೊಂಡು ಎದ್ದುಬಿಡುವರು.

ಅವರಿಗೆ ಸ್ವಂತಕ್ಕೆ ಒಂದು ಲಾರಿ ಸಿಕ್ಕಿದ್ದು ಪಾಂಡವಪುರದ ಹತ್ತಿರದ ಒಂದು ಆಲೆಮನೆಯಲ್ಲಿ. ಗಾಣ ತಿರುಗಿಸಲು ಹೊಸ ಕರೆಂಟ್ ಮೋಟರು ಬಂದಿತ್ತು, ಅದರ ಪೂಜೆಗೆ ಇವರನ್ನು ಕರೆಸಿದ್ದರು. ಅದುವರೆಗೆ ಗಾಣ ತಿರುಗಿಸುತ್ತಿದ್ದುದು ಒಂದು ಲಾರಿಯ ಅಸ್ಥಿಪಂಜರ. ಎಂಜಿನ್ನು, ಚಾಸಿ, ಎರಡು ಆಕ್ಸಲ್ಲು, ಅಷ್ಟೇ. ಮೋಟರಿಗೆ ಅರಿಶಿನ ಹಚ್ಚುತ್ತಿದ್ದ ಐನೋರ ಕಣ್ಣು ಅದರ ಮೇಲೆ ಬಿತ್ತು. ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿ, ಮಡಿಪಂಚೆಯಲ್ಲೇ ಅಂಗಾತ ಮಲಗಿ, ಅದರ ಹೊಟ್ಟೆಯಡಿ ತೂರಿಕೊಂಡರು. ಮೈಯೆಲ್ಲ ಒಲೆಯ ಬೂದಿ ಮೆತ್ತಿಕೊಂಡು ಹೊರಬಂದಾಗ ಮುಖ ಅರಳಿತ್ತು. "ಹಿಂದಿನ ಆಕ್ಸಲ್ಲಿನ ಉಂಡೆಗೆ ಬಿಳಿ ಬಣ್ಣ ಬಳಿದಿದ್ದಾರೆ ಕಣ್ರಯ್ಯಾ! ಯುದ್ಧದಲ್ಲಿ ದೊಡ್ಡ ದೀಪ ಹಾಕೋ ಹಾಗಿರಲಿಲ್ಲ. ಹಿಂದಿನ ಲಾರಿಯವನು ಮುಂದಿನದರ ಈ ಬಿಳಿ ಉಂಡೆ ನೋಡ್ಕೊಂಡೇ ಬರ್ಬೇಕಾಗಿತ್ತು. ಇದು ಮಿಲಿಟರಿ ಲಾರಿ. ಅಪ್ಪಟ ಬ್ರಿಟಿಷು!"

ಆಲೆಮನೆಯ ಯಜಮಾನರು ವಯಸ್ಸಾದ ಗೌಡರು. ಇವರ ಅವತಾರ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರಂತೆ. "ನಮ್ಮಪ್ಪ ಯುದ್ಧ ಮುಗುದ್ಮ್ಯಾಲೆ ಹರಾಜಲ್ಲಿ ತಂದಿದ್ದ ಕಣ್ ಸಾಮಿ. ಹೇಮಗಿರಿ ಪರಿಸೆಗೆ ದನ ತುಂಬ್ಕೊಂಡು ಓಗೋನು. ಅಪ್ಪ ಸತ್ಮ್ಯಾಲೆ ಪಾಲಾಯ್ತು. ಗದ್ದೆ ಪಾಲ್ ಮಾಡ್ಕಂಡೊ, ಮನೆ ಪಾಲ್ ಮಾಡ್ಕಂಡೊ, ಲಾರಿನೂ ಮಾಡ್ಕಂಡೊ."

"ಲಾರೀನ ಹೇಗಯ್ಯಾ ಪಾಲು ಮಾಡ್ತೀರಿ?"

"ಗ್ಯಾಸ್ ಕಟ್ರು ತಂದು," ಎಂದರು ಗೌಡರು, ಅದರಲ್ಲೇನು ವಿಶೇಷ ಎಂಬಂತೆ. "ಎಂಜಿನ್ನು ಚಾಸಿ ನಂಗೆ. ಟಾರ್ಪಾಲ್ ಕಟ್ಟೋ ಕಬ್ಬುಣದ ಕಮಾನು, ಪೆಟ್ರೋಲ್ ಟ್ಯಾಂಕು ತಮ್ಮಂಗೆ. ಅವ್ನು ಸಂತೆಬಾಚಳ್ಳಿ ತಾವ ಮನೆ ಅಳಿಯ ಆಗಿ ಓಗ್ಬುಟ್ಟ. ತಂಗಿ ಒಬ್ಳವ್ಳೆ, ನಾಗ್ಮಂಗ್ಲದ ಕಡೆ ಕೊಟ್ಟಿದ್ದೊ. ಅವ್ಳೂ ನಂಗೊಂದು ತಗಡಿನ ಡಬ್ಬ ಬೇಕು ಅಂತ ಅತ್ಲು. ಕೊಟ್ಟು ಕಳಿಸ್ದೊ."

ಆ ದಿನ ಐನೋರು ದಕ್ಷಿಣೆ ಮುಟ್ಟಲಿಲ್ಲ, ಲಾರಿ ಕೇಳಿದರು. ಗುಜರಿಗೆ ಹಾಕಬೇಕೆಂದಿದ್ದ ಗೌಡರು ಪುಣ್ಯ ಬಂದರೆ ಬರಲಿ ಎಂದು ಕೊಟ್ಟುಬಿಟ್ಟರು. ಟ್ರಾಕ್ಟರಿಗೆ ಕಟ್ಟಿಸಿಕೊಂಡು ಅದನ್ನು ಗಂಜಾಮಿಗೆ ಎಳೆತಂದಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತು ಆರತಿ ತಟ್ಟೆ ತಂದರು. "ಎರಡನೇ ಸಂಬಂಧ ಮಾಡ್ಕೊಂಡು ಬಂದಿದಾರೆ, ಒಳಗೆ ಕರ್ಕೋಬೇಡ್ವೆ?" ಎಂದರು ನನ್ನ ಹೆಂಡತಿಗೆ.

ಅಲ್ಲಿಂದ ನನಗೆ ಶನಿಕಾಟ ಶುರುವಾಯಿತು. ಒಂದು ಸಂಜೆ ಮಾತಿಗೆ ಮಾತು ಬಂದು, ಸಂತೆಬಾಚಹಳ್ಳಿ ಕಡೆಯ ಒಬ್ಬರ ಕೊಟ್ಟಿಗೆಗೆ ಕಬ್ಬಿಣದ ಕಮಾನಿನ ಮಾಡು ಇದೆ, ದನಗಳು ನೀರು ಕುಡಿಯುವ ತೊಟ್ಟಿಯೂ ಕಬ್ಬಿಣದ್ದೇ ಎಂದುಬಿಟ್ಟೆ. ಐನೋರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ತೊಟ್ಟಿಗೆ ಮುಚ್ಚಳ ತಿರುಗಿಸೋ ಮೂತಿ ಇದೆಯೇನಯ್ಯಾ?"

"ನಾನು ಎಮ್ಮೆ ನೋಡಕ್ ಹೋಗಿದ್ದೆ ಸಾಮಿ, ಮೂತಿ ನೋಡಕ್ಕಲ್ಲ."

"ಅದೇ ನಿಮ್ಮ ಇಲಾಖೆಯ ದೋಷ. ಬ್ರಿಟಿಷ್ ಸಾಮ್ರಾಜ್ಯ ಎಲ್ಲಿ ಹೋಯ್ತು ಅಂತ ಜನ ಪುಸ್ತಕದಲ್ಲಿ ಹುಡುಕ್ತಾರೆ. ಅದಿರೋದು ಕೊಟ್ಟಿಗೆಗಳಲ್ಲಿ ಕಣಯ್ಯಾ! ನೀನು ಇಂಜೆಕ್ಷನ್ ಚುಚ್ಚಿ ಎದ್ದುಬರ್ತೀಯ."

ಮಾರನೆಯ ದಿನವೇ ನನ್ನ ಬೈಕಿನ ಹಿಂದೆ ಕೂತು ಬಂದರು. ನೋಡಿದರೆ ಅದು ಗೌಡರ ತಮ್ಮನ ಕೊಟ್ಟಿಗೆಯೇ. ಆ ಕಮಾನು, ಟ್ಯಾಂಕು ಬಿಡಿಸಿಕೊಳ್ಳಲು ಐನೋರು ಒಪ್ಪಿಕೊಂಡ ಷರತ್ತು ಸಣ್ಣದಲ್ಲ. ಹೊಸ ಕೊಟ್ಟಿಗೆಯ ಭೂಮಿಪೂಜೆಯಿಂದ ಹಿಡಿದು ಕೊನೆಯ ಶಾಂತಿಯವರೆಗೆ ಎಲ್ಲ ಇವರದೇ, ಪುಕ್ಕಟೆ. ನಮ್ಮ ಜಿಲ್ಲೆಯಲ್ಲಿ ಎಮ್ಮೆಗಳಿಗೆ ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿಸಿದ ವೈದಿಕರು ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ.

ಹಿತ್ತಲಿನಲ್ಲಿ ಕೆಲಸ ನಡೆಯಿತು. ಬೆಂಗಳೂರು ರಸ್ತೆಯ ಗ್ಯಾರೇಜಿನ ಚಾಚಾ ಸಂಜೆ ಹೊತ್ತು ಬಂದು ಎಂಜಿನ್ನು ಬಿಚ್ಚುವುದು, ಐನೋರು ಬಣ್ಣ ಕೆರೆಯುವುದು. ಕೆರೆಯುವುದರಲ್ಲಿ ಅವರಿಗೆ ಬಹಳ ತಾಳ್ಮೆ. ಮೇಲೆ ಗಾಣದ ಕಾಲದ ನೀಲಿ, ಅದರಡಿ ಆಯುಧಪೂಜೆಗೆ ವರ್ಷವರ್ಷವೂ ಬಳಿದ ಕೆಂಪು, ಅದರಡಿ ಹಸಿರು, ಕೊನೆಗೆ ಮರಳಿನ ಬಣ್ಣ. ಹುಣಸೆಹಣ್ಣು, ತೆಂಗಿನ ನಾರು, ದೇವರ ಪಾತ್ರೆ ಬೆಳಗುವ ಕ್ರಮ. "ಎಲ್ಲಾ ಒಟ್ಟಿಗೆ ಕೆತ್ತಿ ತೆಗೆದ್ರೆ ಕಟುಕತನ," ಎನ್ನುವರು. ಆದರೆ ಅವರ ಸ್ಪ್ಯಾನರು ಮಾತ್ರ ಆ ಲಾರಿಯ ಮುಂದೆ ಮೂಕವಾಯಿತು. ಅಷ್ಟು ವರ್ಷ ಗಾಣ ತಿರುಗಿಸಿದ ಮೇಲೆ ಅದರಲ್ಲಿ ಹುಟ್ಟಿದಾಗಿನ ಒಂದು ನಟ್ಟೂ ಉಳಿದಿರಲಿಲ್ಲ. ರಿಪೇರಿಗೆ ಬಂದವರೆಲ್ಲ ತಮ್ಮ ಕೈಗೆ ಸಿಕ್ಕಿದ್ದನ್ನು ಬಿಗಿದು ಹೋಗಿದ್ದರು. "ನಟ್ಟು ಇಲ್ಲದಿದ್ರೆ ಏನಂತೆ? ಬ್ರಿಟಿಷೇ," ಎಂದು ಐನೋರು ತೀರ್ಪು ಕೊಟ್ಟರು.

ಎಂಜಿನ್ನು ಮೊದಲ ಸಲ ಕೂಗಿದ ದಿನ ಅವರು ಚಾಚಾನನ್ನು ಇಳಿಸಿ ತಾವೇ ಹತ್ತಿ ಕೂತರು. ಲಾರಿ ಓಡಿಸಲು ಐನೋರಿಗೆ ಬರುತ್ತದೆ ಎಂದು ನಂಬಿದ್ದವರು ಐನೋರು ಒಬ್ಬರೇ. ಆ ಹೊತ್ತಿನಲ್ಲಿ ನಮ್ಮ ಬಚ್ಚಲಿನಲ್ಲಿ ಯಾರೂ ಇರಲಿಲ್ಲ, ಅದು ನಮ್ಮ ಪುಣ್ಯ. ಧೂಳು ಅಡಗಿದ ಮೇಲೆ ನೋಡಿದರೆ ಹಂಡೆಯ ಪಕ್ಕದಲ್ಲಿ ಲಾರಿಯ ಮೂತಿ, ಅದರ ಹಿಂದೆ ಐನೋರ ನಾಮ.

"ನೋಡಿದ್ಯೇನಯ್ಯಾ ಬ್ರೇಕು? ಗೋಡೆ ಹತ್ರ ಬಂದ ತಕ್ಷಣ ಹಿಡೀತು!"

"ಯಾವ ಗೋಡೆ ಸಾಮಿ?" ಎಂದೆ. "ಸ್ಟೀರಿಂಗ್ ನಮಗೆ ಬುಡಿ ಸಾಬ್, ಮಂತ್ರ ನೀವು ಹೇಳಿ," ಎಂದ ಚಾಚಾ. ಅಂದಿನಿಂದ ಅದೇ ಒಪ್ಪಂದವಾಯಿತು.

ಚಾಚಾ ಹಳೆಯ ಫೋಟೋ ನೋಡಿ ಮುಂಭಾಗ ಕಟ್ಟಿದ. ಕಮಾನು ನಿಂತಿತು, ಟಾರ್ಪಾಲು ಏರಿತು. ಲಾರಿ ನೋಡಲು ಜನ ಬರತೊಡಗಿದರು. ಬಂದವರು ಹಾಗೇ ಗುಡಿಗೂ ಒಂದು ಸುತ್ತು ಹಾಕಿ ಮಂಗಳಾರತಿ ತೆಗೆದುಕೊಂಡು ಹೋಗುತ್ತಿದ್ದರು. ಐನೋರು ಮುಂಚಿನಷ್ಟೇ ಬೈಯುತ್ತಿದ್ದರು, ಆದರೆ ಬೈಗುಳದಲ್ಲಿ ಹುರುಪಿತ್ತು. ಜೀವಮಾನವೆಲ್ಲ ಖಾಲಿ ಪ್ರಾಕಾರದಲ್ಲಿ ಗಂಟೆ ಬಾರಿಸಿದವರು ಅವರು. ಪಕ್ಕದ ಬೀದಿಯಲ್ಲಿ ಜಾತ್ರೆ, ತಮ್ಮ ಬಾಗಿಲಲ್ಲಿ ಪಾರಿವಾಳ. ಈಗ ಅವರ ಬಾಗಿಲಿಗೂ ಚಪ್ಪಲಿ ಸಾಲು ಬಂತು. ಪೇಂಟರ್ ಕೈಯಲ್ಲಿ "ಅಪ್ಪಟ ಬ್ರಿಟಿಷ್ ಮಿಲಿಟರಿ ಲಾರಿ" ಎಂದು ಬೋರ್ಡು ಬರೆಸಿದರು. ಕ್ಷೌರದ ಅಂಗಡಿಯಿಂದ ಹಿಡಿದು ತಾಲ್ಲೂಕು ಆಫೀಸಿನವರೆಗೆ ಅವರ ಕೊಚ್ಚುವಿಕೆ ಕೇಳದ ಕಿವಿ ಉಳಿಯಲಿಲ್ಲ. ಮೈಸೂರಿನಲ್ಲಿ ಹಳೆಯ ವಾಹನಗಳ ಪ್ರದರ್ಶನ ಇದೆಯಂತೆ, ಅಲ್ಲಿಗೆ ಆರಿಸಲು ಸೈನ್ಯದಿಂದ ನಿವೃತ್ತರಾದ ಮೇಜರ್ ಒಬ್ಬರು ಬರುತ್ತಾರಂತೆ ಎಂದಾಗಂತೂ ಅವರನ್ನು ಹಿಡಿಯುವವರಿರಲಿಲ್ಲ.

ಮೇಜರ್ ಬಂದರು. ಮೃದು ಮಾತಿನ ಮನುಷ್ಯ. ಲಾರಿಯಡಿ ಮಲಗಿ, ಎದ್ದು, ಕೈ ಒರೆಸಿಕೊಂಡು ಹೇಳಿದರು: "ಕೆಲಸ ತುಂಬಾ ಚೆನ್ನಾಗಿ ಮಾಡಿಸಿದ್ದೀರಿ ಸ್ವಾಮಿಗಳೇ. ಆದರೆ ಈ ಆಕ್ಸಲ್ ನೋಡಿದರೆ ಇದು ಕೆನಡಾದ್ದು ಇರಬಹುದು ಅನ್ನಿಸುತ್ತೆ."

ಐನೋರ ಕೈ ಸೊಂಟದ ಸ್ಪ್ಯಾನರಿನ ಮೇಲೆ ಹೋಯಿತು. ಯುದ್ಧಕ್ಕೆ ಕೆನಡಾ ದೇಶದವರೂ ಬಹಳ ಲಾರಿ ಮಾಡಿಕೊಟ್ಟಿದ್ದರಂತೆ, ಅವು ನಮ್ಮ ಕಡೆಗೂ ಬಂದವಂತೆ. ಮೇಜರ್ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದರು. ಬ್ರಿಟಿಷ್ ಸೈನ್ಯದ ಸಾಮಾನಿನ ಮೇಲೆ ಬಾಣದ ಗುರುತು ಒತ್ತುತ್ತಿದ್ದರು: ಮೇಲ್ಗಡೆ ಒಂದಾಗಿ ಕೂಡುವ ಮೂರು ಗೆರೆ. ಕೆನಡಾದವರ ಗುರುತೂ ಅದೇ ಬಾಣ, ಆದರೆ ಸುತ್ತ ಇಂಗ್ಲಿಷಿನ 'ಸಿ' ಅಕ್ಷರ. "ಡ್ರೈವರ್ ಪಕ್ಕದಲ್ಲಿ ಸಾಮಾನಿನ ಪೆಟ್ಟಿಗೆ ಒಂದಿರಬೇಕಿತ್ತು. ಅದು ಸಿಕ್ಕಿದರೆ ಗುರುತು ನೋಡಿ ಹೇಳಬಹುದು. ಸಿಕ್ಕ ಮೇಲೆ ತಿಳಿಸಿ, ಮತ್ತೆ ಬರ್ತೀನಿ."

ಮೇಜರ್ ಹೋದ ಮೇಲೆ ಐನೋರು ಬಹಳ ಹೊತ್ತು ಆ ನೆಲದ ಮೇಲಿನ ಗೆರೆಗಳನ್ನೇ ನೋಡುತ್ತ ಕೂತರು. ಹೆಂಡತಿ ಕಾಫಿ ತಂದಿಟ್ಟರು. "ಕೆನಡಾದ್ದಾದ್ರೆ ಏನೀಗ? ನಾನು ಮೇಲುಕೋಟೇಲಿ ಹುಟ್ಟಿದ್ದು. ಈ ಮನೇಲಿ ದುಡೀತಿಲ್ವೆ?" ಎಂದರು.

"ನಿನಗೆ ಗೊತ್ತಾಗಲ್ಲ ಸುಮ್ನಿರೆ. ಊರಿಗೆಲ್ಲ ಬ್ರಿಟಿಷು ಅಂತ ಹೇಳಿದೀನಿ. ನಾಳೆ ಯಾರು ಬರ್ತಾರೆ ಇತ್ತಕಡೆ?" ಎಂದರು ಐನೋರು. ಅವರ ದನಿ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ತಂಗಿಗೆ ತಗಡಿನ ಡಬ್ಬ ಕೊಟ್ವಿ ಅಂದಿದ್ದನಲ್ಲಯ್ಯಾ ಆ ಗೌಡ! ಬೈಕ್ ತೆಗಿ," ಎಂದರು.

ಆ ತಂಗಿಯ ಊರು ನಾಗಮಂಗಲದಿಂದ ಸ್ವಲ್ಪ ಆಚೆಗೆ. ಈಗ ಅಜ್ಜಿಯಾಗಿದ್ದ ಆಕೆ ಜಗುಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ಐನೋರ ಹಣೆಯ ನಾಮ ಕಂಡದ್ದೇ ಮೊರ ಬದಿಗಿಟ್ಟು ಎದ್ದುಬಿಟ್ಟರು. ನಾವು ಬಂದ ಕಾರಣ ಬಾಯಿ ಬಿಡುವ ಮೊದಲೇ, "ಬನ್ನಿ ಸಾಮಿ ಬನ್ನಿ, ದೇವ್ರೇ ಕಳ್ಸವ್ನೆ ನಿಮ್ಮ! ನಮ್ಮನೆ ದೇವ್ರಿಗೆ ಒಬ್ರು ಐನೋರ ಕೈಲಿ ಪೂಜೆ ಮಾಡ್ಸಬೇಕು ಅಂತ ಎಷ್ಟು ದಿನದಿಂದ ಅಂದ್ಕತಿದ್ದೆ," ಎಂದು ನೇರ ದೇವರ ಕೋಣೆಗೇ ಕರೆದುಕೊಂಡು ಹೋದರು.

ಗೋಡೆಗೆ ಒರಗಿಸಿದ್ದು ಒಂದು ಕಬ್ಬಿಣದ ತಗಡು. ಗಂಧ, ಅರಿಶಿನ, ಕುಂಕುಮ ಪದರ ಪದರವಾಗಿ ಕೂತು ತಗಡೇ ಕಾಣದಷ್ಟು ದಪ್ಪಗಾಗಿತ್ತು. ನಡುವೆ ಮಾತ್ರ ಮೂರು ಗೆರೆ ಎದ್ದು ಕಾಣುತ್ತಿದ್ದವು. ಕೆಳಗಡೆ ಒಂದಾಗಿ ಕೂಡಿ ಮೇಲಕ್ಕೆ ಕವಲೊಡೆದ ಮೂರು ಗೆರೆ. ಆಚೀಚೆ ಬಿಳಿ, ಮಧ್ಯೆ ಕೆಂಪು ಬಳಿದಿದ್ದರು. ಥೇಟ್ ನಾಮ. ಐನೋರ ಹಣೆಯ ಮೇಲಿದ್ದದ್ದೂ ಗೋಡೆಯ ಮೇಲಿದ್ದದ್ದೂ ಒಂದೇ. ಬ್ರಿಟಿಷರ ಬಾಣವನ್ನು ತಲೆಕೆಳಗೆ ಮಾಡಿ ನಿಲ್ಲಿಸಿದ್ದರು.

ಐನೋರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸುತ್ತ 'ಸಿ' ಇದೆಯೋ ಇಲ್ಲವೋ ತಿಳಿಯಬೇಕಾದರೆ ಆ ಗಂಧದ ಪದರ ಕರಗಬೇಕು. "ಅಭಿಷೇಕ ಮಾಡ್ಬೇಕಮ್ಮ, ಮೊದಲು ಅಭಿಷೇಕ!" ಎಂದರು.

ಬೀದಿಗೆ ಬೀದಿಯೇ ಸೇರಿತು. ಹಾಲು ಬಂತು, ಮೊಸರು ಬಂತು, ಎಳನೀರು ಬಂತು. ಐನೋರು ಮಂತ್ರ ಹೇಳುತ್ತ ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಹಿತ್ತಲಿನಲ್ಲಿ ಬಣ್ಣ ಕೆರೆಯುವಾಗಿನ ಅದೇ ಕೈ. ಗಂಧ ಕರಗಿ ಹರಿಯಿತು. ಮೂರು ಗೆರೆಯ ಎಡಕ್ಕೆ ಏನೂ ಇರಲಿಲ್ಲ, ಐನೋರ ಕಂಠ ಏರಿತು. ಮೇಲ್ಗಡೆ ಒಂದು ಡೊಂಕು ಗೆರೆ ಹುಟ್ಟಿತು, ಕಂಠ ಇಳಿಯಿತು. ಆ ಡೊಂಕು ಬಲಕ್ಕೆ ಬಳಸಿ ಕೆಳಗೆ ಬಂದು ನಿಂತಾಗ ಮಂತ್ರವೇ ನಿಂತುಹೋಯಿತು. ಅವರು ಆರತಿ ತಟ್ಟೆ ಹಿಡಿದುಕೊಂಡು ತಲೆಯನ್ನು ಒಂದು ಕಡೆಗೆ ವಾಲಿಸಿದರು. ಇನ್ನೂ ವಾಲಿಸಿದರು. ತಲೆಕೆಳಗಾದದ್ದನ್ನು ನೆಟ್ಟಗೆ ಓದಲು ಬೇರೆ ದಾರಿ ಇರಲಿಲ್ಲ. ಇದೂ ಶಾಸ್ತ್ರವೇ ಇರಬೇಕೆಂದು ಹಿಂದೆ ನಿಂತ ಜನವೆಲ್ಲ ಭಕ್ತಿಯಿಂದ ತಲೆ ವಾಲಿಸಿದರು. ನಾನು ನಗು ತಡೆಯಲಾರದೆ ಹೊರಗೆ ಹೋಗಿ ಬೈಕಿನ ಹತ್ತಿರ ಕೆಮ್ಮಿದೆ.

ತೀರ್ಥ ತೆಗೆದುಕೊಂಡು ಜನ ಚೆದುರಿದ ಮೇಲೆ ಅಜ್ಜಿ ಹಾಲು ಹಣ್ಣು ತಂದಿಟ್ಟು ಎದುರಿಗೆ ಕೂತರು. "ನೀವು ನಮ್ಮಪ್ಪನ ಲಾರಿ ತಕ್ಕಂಡಿರೋ ಐನೋರಲ್ವಾ? ಅಣ್ಣನ ಮಗ ಬಂದಿದ್ದಾಗ ಏಳ್ದ," ಎಂದರು.

ಐನೋರು ಬಾಳೆಹಣ್ಣು ಬಾಯಿಗಿಟ್ಟವರು ಹಾಗೇ ನಿಂತರು. "ಹಾಗಾದ್ರೆ ಇದು ಏನು ಅಂತ..."

"ಗೊತ್ತಿಲ್ವಾ ನಂಗೆ? ಲಾರಿ ಡಬ್ಬದ ಮುಚ್ಳ ಅದು. ಅಪ್ಪ ಗಾಡಿ ಓಡಿಸೋವಾಗ ಪಕ್ದಲ್ಲಿ ಆ ಡಬ್ಬದ ಮ್ಯಾಲೇ ಕುಂತ್ಕತಿದ್ದೆ ನಾನು. ಮಗಾ, ಗಟ್ಟಿಯಾಗಿಡ್ಕೊ ಅನ್ನೋನು. ಅಪ್ಪ ಸತ್ಮ್ಯಾಲೆ ಅಣ್ತಮ್ಮದೀರು ಲಾರಿ ಅಂಚ್ಕಂಡ್ರು. ನಂಗೇನೂ ಬ್ಯಾಡ, ನಾನ್ ಕುಂತ್ಕತಿದ್ದ ಡಬ್ಬ ಕೊಡಿ ಅಂದೆ. ಇಲ್ಲಿಗ್ ತಂದ್ರೆ ನಮ್ ಮಾವ ಗುಜರಿಯವ್ನಿಗೆ ಆಕ್ಬುಟ್ರು. ಮುಚ್ಳ ಒಂದು ಉಳೀತು. ಅದ್ರ ಮ್ಯಾಲೆ ಮೂರು ಗೆರೆ ಇತ್ತಲ್ಲ? ತಿರುಗ್ಸಿ ನಿಲ್ಸಿ, ಸುಣ್ಣ ಕುಂಕ್ಮ ಬಳ್ದು ದೇವ್ರು ಮಾಡ್ಬುಟ್ಟೆ. ದೇವ್ರನ್ನ ಯಾವನ್ ಗುಜರಿಗಾಕ್ತಾನೆ ಸಾಮಿ?"

ಒಂದು ಹೆಣ್ಣು ತನ್ನ ಪಾಲನ್ನು ಉಳಿಸಿಕೊಳ್ಳಲು ಇಷ್ಟು ವರ್ಷ ಮುಚ್ಚಳಕ್ಕೆ ದೀಪ ಹಚ್ಚಿದ್ದಾಳೆ. ಅಜ್ಜಿ ಕೈ ಮುಗಿದು ಮುಂದುವರಿಸಿದರು. "ಈಗ ಲಾರಿ ಎದ್ದು ನಿಂತದಂತಲ್ಲ, ತಕ್ಕಂಡೋಗಿ. ಅದ್ರ ಜಾಗ್ದಲ್ಲಿ ಆಕಿ. ಆದ್ರೆ ಒಂದ್ಸಲ ನನ್ನ ಅದ್ರ ಮ್ಯಾಲೆ ಕೂರ್ಸಿ, ನಮ್ಮೂರಿಗೆ ಕರ್ಕಂಡೋಗ್ಬೇಕು. ಅಷ್ಟೇಯ."

ಐನೋರು ಹಣ್ಣು ನುಂಗಿ, ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಹೇಳಿದರು: "ಆಗಲ್ಲಮ್ಮ. ಇಷ್ಟು ವರ್ಷ ಪೂಜೆ ತಗೊಂಡಿದೆ. ಈಗ ನಾನೇ ಅಭಿಷೇಕ ಮಾಡಿದೀನಿ. ಇನ್ನು ಅದು ಮುಚ್ಚಳ ಅಲ್ಲ, ನಾರಾಯಣ. ಕದಲಿಸಬಾರದು." ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರು ಎಂಥಾ ನಿಷ್ಠೆ ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ದೇವರೆಂದು ಪೂಜಿಸಿದವಳು ಮುಚ್ಚಳ ಎನ್ನುತ್ತಾಳೆ, ಮುಚ್ಚಳ ಹುಡುಕಿಕೊಂಡು ಬಂದವರು ದೇವರು ಎನ್ನುತ್ತಾರೆ. ಅಜ್ಜಿಯ ಮುಖ ಬಾಡಿತು.

ದಾರಿಯಲ್ಲಿ ನಾನು ಬೈಕು ನಿಲ್ಲಿಸಿದೆ. "ಸಾಮಿ, ಅದ್ರಲ್ಲಿ 'ಸಿ' ಇತ್ತು."

"ಯಾವ ಸಿ? ಅದು ಪ್ರಭಾವಳಿ."

"ಒಂದೇ ಕಡೆಗೆ ಇರೋ ಪ್ರಭಾವಳಿನಾ?"

"ದೇವರಿಗೆ ಲೆಕ್ಕ ಹೇಳ್ತೀಯೇನಯ್ಯಾ? ಗಾಡಿ ಓಡಿಸು," ಎಂದರು.

ಆಮೇಲೆ ಅವರು ಮೊದಲಿನ ಹಾಗಿರಲಿಲ್ಲ. ಬೋರ್ಡಿನ ಮುಂದೆ ನಿಂತು ಕೊಚ್ಚುವಾಗ ನಾನು ಕಂಡರೆ ದನಿ ತಗ್ಗಿಸುವರು. "ಆ ಅಜ್ಜಿ ಏನಾದ್ರೂ ಹೇಳಿ ಕಳಿಸಿದ್ಲೇನಯ್ಯಾ?" ಎಂದು ಆಗಾಗ ಕೇಳುವರು, ಇಲ್ಲ ಎಂದರೆ ಇನ್ನೂ ಚಡಪಡಿಸುವರು. ಲಾರಿಯಲ್ಲಿ ಡ್ರೈವರ್ ಪಕ್ಕಕ್ಕೆ ಚಾಚಾ ಅಳತೆ ನೋಡಿ ಒಂದು ಪೆಟ್ಟಿಗೆ ಕೂರಿಸಿದ್ದ. ಅದಕ್ಕೆ ಮುಚ್ಚಳ ಮಾಡಲೇ ಎಂದು ಕೇಳಿದರೆ ಬೇಡ ಎನ್ನುವರು. ಯಾಕೆ ಎಂದರೆ ರೇಗುವರು.

ಕಾದು ಕಾದು ಸಾಕಾಗಿ ಮೇಜರ್ ಒಂದು ಶುಕ್ರವಾರ ತಾವೇ ಬಂದರು. ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆವು. "ಪೆಟ್ಟಿಗೆ ಸಿಗಲಿಲ್ಲವೇ?" ಎಂದರು ಮೇಜರ್. "ಸಿಕ್ತು. ಆದ್ರೆ ಅದು ದೇವರಾಗಿಬಿಟ್ಟಿದೆ, ಮುಟ್ಟೋ ಹಾಗಿಲ್ಲ," ಎಂದರು ಐನೋರು. ಮೇಜರ್ ಗೌರವದಿಂದ ತಲೆಯಾಡಿಸಿ, ಹಾಗಾದರೆ ನಿಮ್ಮ ಮಾತಿನ ಮೇಲೆಯೇ ಬ್ರಿಟಿಷ್ ಎಂದು ಬರೆದುಕೊಳ್ಳೋಣ ಎಂದು ಪೆನ್ನು ತೆಗೆದರು. ಐನೋರು ಉಸಿರು ಬಿಟ್ಟರು.

ಅಷ್ಟರಲ್ಲಿ ಬಾಗಿಲಿನಿಂದ ಅವರ ಹೆಂಡತಿಯ ದನಿ ಬಂತು. "ನೋಡಿ, ನಿಮ್ಮನ್ನ ಹುಡುಕ್ಕೊಂಡು ನಾರಾಯಣ ಬಂದಿದಾನೆ. ಬಸ್ಸಲ್ಲಿ."

ಅವರ ಹಿಂದೆಯೇ ಅಜ್ಜಿ ಬಂದರು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಅಕ್ಕಿ ಚೀಲದಲ್ಲಿ ಸುತ್ತಿದ ತಗಡು. "ಏನಮ್ಮಾ ಇದು? ಕದಲಿಸಬಾರದು ಅಂದಿದ್ನಲ್ಲ!" ಎಂದು ಐನೋರು ಎದ್ದರು.

"ನಾನೇನ್ ಮಾಡ್ಲಿ ಸಾಮಿ? ದೇವ್ರು ಕನಸಲ್ ಬಂದು, ನಾನು ಲಾರಿ ಅತ್ತಬೇಕು ಕಣಮ್ಮಿ ಅಂತು. ನೀವು ಏಳ್ದಂಗ್ ಕೇಳ್ಳಾ, ದೇವ್ರು ಏಳ್ದಂಗ್ ಕೇಳ್ಳಾ?"

ಶಾಸ್ತ್ರಕ್ಕೆ ಶಾಸ್ತ್ರ ಹೇಳಿ ಗೆಲ್ಲಬಹುದು. ಕನಸಿಗೆ ಏನು ಹೇಳುವುದು? ಅಜ್ಜಿ ಚೀಲ ಬಿಚ್ಚಿ ತಗಡನ್ನು ಮೇಜರ್ ಮುಂದಿನ ಸ್ಟೂಲಿನ ಮೇಲೆ ಇಟ್ಟರು. ಮನೆಯಲ್ಲೇ ತೊಳೆದು ಒರೆಸಿ ತಂದಿದ್ದರು. ಮೇಜರ್ ಕನ್ನಡಕ ಹಾಕಿಕೊಂಡು ಬಗ್ಗಿದರು. ತಗಡನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ತಲೆಯೆತ್ತಿ ಐನೋರ ಮುಖ ನೋಡಿದರು. ಒಳ್ಳೆಯ ಮನುಷ್ಯ. "ಬಹಳ ಸವೆದಿದೆ. ಸರಿಯಾಗಿ ಕಾಣಿಸ್ತಿಲ್ಲ," ಎಂದರು.

ಅಲ್ಲಿಗೆ ಮುಗಿಸಬಹುದಿತ್ತು. ಬೋರ್ಡು ಉಳಿಯುತ್ತಿತ್ತು, ಮೈಸೂರಿನ ಪ್ರದರ್ಶನ ಉಳಿಯುತ್ತಿತ್ತು, ಗುಡಿಯ ಬಾಗಿಲಿನ ಚಪ್ಪಲಿ ಸಾಲು ಉಳಿಯುತ್ತಿತ್ತು. ಐನೋರು ಒಂದು ಸಲ ಬೋರ್ಡಿನ ಕಡೆ ನೋಡಿದರು, ಒಂದು ಸಲ ಅಜ್ಜಿಯ ಕಡೆ. ಅಜ್ಜಿಗೆ ಇವರ ಮಾತು ಯಾವುದೂ ಬೇಕಿರಲಿಲ್ಲ. ಆಕೆ ಲಾರಿಯ ಹತ್ತಿರ ಹೋಗಿ, ಮೂತಿಯನ್ನು ಸವರುತ್ತ, ಒಳಗೆ ಇಣುಕಿ ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ನೋಡುತ್ತಿದ್ದರು.

"ಚೆನ್ನಾಗಿ ಕಾಣಿಸ್ತಿದೆ ಮೇಜರ್ ಸಾಹೇಬ್ರೆ," ಎಂದರು ಐನೋರು. "ಸಿ. ಕೆನಡಾ. ಆ ದಿನ ಅಭಿಷೇಕದಲ್ಲೇ ನನಗೆ ಕಾಣ್ತು." ನನ್ನ ಕಡೆ ತಿರುಗಿ, "ಏನಯ್ಯಾ ನೋಡ್ತೀಯ? ಆಯಮ್ಮ ತನ್ನ ದೇವರನ್ನೇ ಮುಚ್ಚಳ ಅಂತ ಒಪ್ಕೊಂಡು ಬಸ್ಸಲ್ಲಿ ಹೊತ್ಕೊಂಡು ಬಂದಿದಾಳೆ. ನಾನು ಒಂದು ಕೆನಡಾ ಒಪ್ಕೋಬಾರದೆ? ಆ ಬೋರ್ಡು ಇಳಿಸು," ಎಂದು ಗದರಿದರು.

ಆಮೇಲೆ ಸ್ನಾನ ಮಾಡಿ ಬಂದು, ದೇವರ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿಕೊಳ್ಳುವ ವಿಧಿಯನ್ನು ಒಂದಕ್ಷರ ಬಿಡದೆ ಮಾಡಿದರು. ಆ ಕಲಶವನ್ನು ಅಜ್ಜಿಯ ಕೈಗೆ ಕೊಟ್ಟು, "ಇದನ್ನು ಮನೆಗೆ ತಗೊಂಡು ಹೋಗು, ದೇವರು ಇದರಲ್ಲಿದಾನೆ. ಇನ್ನು ಅದು ಬರೀ ಮುಚ್ಚಳ, ಧೈರ್ಯವಾಗಿ ಕೂತ್ಕೋ," ಎಂದರು. ಮುಚ್ಚಳವನ್ನು ತಾವೇ ನೆಟ್ಟಗೆ ತಿರುಗಿಸಿ, ತಾವೇ ಬಿಗಿದರು.

ಚಾಚಾ ಸ್ಟೀರಿಂಗಿಗೆ ಕೂತ. ಅಜ್ಜಿ ಕಲಶ ಮಡಿಲಲ್ಲಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತರು. ಮುಂದೆ ಅಷ್ಟೇ ಜಾಗ. ಐನೋರು, ಮೇಜರ್, ನಾನು ಹಿಂದೆ ಕಮಾನು ಹಿಡಿದುಕೊಂಡು ನಿಂತೆವು. ನಾಲೆ ಏರಿಯ ಮೇಲೆ ಲಾರಿ ಕುಲುಕುತ್ತ ಹೋಗುವಾಗ ಮುಂದಿನಿಂದ ಅಜ್ಜಿ ಏನೋ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಚಾಚಾನ ಹತ್ತಿರವೋ ಅವರ ಅಪ್ಪನ ಹತ್ತಿರವೋ ಗೊತ್ತಾಗಲಿಲ್ಲ.

ಆಲೆಮನೆ ಮುಂದೆ ಲಾರಿ ನಿಂತಾಗ ಗೌಡರು ಕಬ್ಬಿನ ರಾಶಿ ದಾಟಿ ಕೋಲೂರಿಕೊಂಡು ಬಂದರು. ಕಮಾನು ನೋಡಿದರು, ಟ್ಯಾಂಕು ನೋಡಿದರು, ಮುಂದೆ ಕೂತ ತಂಗಿಯನ್ನು ನೋಡಿ ಅಲ್ಲೇ ನಿಂತರು. ಆಮೇಲೆ ಐನೋರ ಕಡೆ ತಿರುಗಿ ಕೇಳಿದರು. "ಯಾವ್ ದೇಶದ್ ಲಾರಿ ಅಂತ ಕೊನ್ಗೂ ಗೊತ್ತಾಯ್ತಾ ಸಾಮಿ?"

"ಗೊತ್ತಾಯ್ತು," ಎಂದರು ಐನೋರು. "ನಿನ್ನ ತಂಗೀದು."

ಗೌಡರು ತಲೆ ತಗ್ಗಿಸಿದರು. ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಅಜ್ಜಿಯೇ ಕಿಟಕಿಯಿಂದ ಕೂಗಿದರು: "ಅಂಗ್ ಯಾಕ್ ನಿಂತ್ಕಂಡೆ? ಬಾ, ಊರೊಳಗೊಂದು ಸುತ್ತು ಓಗ್ಬರಣ. ಇಂದುಕ್ಕೆ ಅತ್ತಣ್ಣಾ, ಮುಂದ್ಗಡೆ ಜಾಗ ಇಲ್ಲ!"

ಗೌಡರು ಕೋಲನ್ನು ಬೇಲಿಗೆ ಒರಗಿಸಿ ಲಾರಿಯ ಹಿಂದಕ್ಕೆ ಬಂದರು. ಐನೋರು ಬಗ್ಗಿ ಕೈ ಕೊಟ್ಟು ಮೇಲೆಳೆದುಕೊಂಡರು.